ಹಾಳೆಯ ಸವಾರಿ ಮತ್ತು ಮೊಮ್ಮಗನ ಲಾಂಗ್‌ಬೋರ್ಡ್

ಕಳೆದ ಬೇಸಗೆ ರಜೆಗೆ ಬೆಂಗಳೂರಿನಿಂದ ಪುತ್ತೂರಿಗೆ ಬಂದ ಮಗಳ ಮಗ, ಬಟ್ಟೆಯ ಚೀಲಕ್ಕಿಂತಲೂ ಜೋಪಾನವಾಗಿ ಒಂದು ಉದ್ದನೆಯ ಹಲಗೆಯನ್ನು ತಂದಿದ್ದ. ಅಡಿಯಲ್ಲಿ ನಾಲ್ಕು ಗಾಲಿ, ಮೇಲೆ ಉಪ್ಪುಕಾಗದದಂತಹ ಒರಟು ಹೊದಿಕೆ, ಉದ್ದ ಸುಮಾರು 40 ಇಂಚು. "ಇದು ಬರೀ ಸ್ಕೇಟ್‌ಬೋರ್ಡ್ ಅಲ್ಲ ಅಜ್ಜಾ, ಲಾಂಗ್‌ಬೋರ್ಡ್" ಎಂದು ನನ್ನನ್ನು ತಿದ್ದಿದ. ಜೀವಮಾನವೆಲ್ಲ ಇತರರನ್ನು ತಿದ್ದಿದವನು ನಾನು; ಸುಮ್ಮನೆ ಒಪ್ಪಿಕೊಂಡೆ.

ಮರುದಿನವೇ ಮನೆಯ ಮುಂದಿನ ಇಳಿಜಾರಿನಲ್ಲಿ ಬಿದ್ದು ಮೊಣಕಾಲು ತರಚಿಕೊಂಡು ಬಂದ. ಮಗಳು ಫೋನಿನಲ್ಲಿ, "ಅಪ್ಪಾ, ಅದನ್ನು ಅಟ್ಟಕ್ಕೆ ಹಾಕಿಬಿಡಿ" ಎಂದಳು. ಹಾಕಲೆಂದು ಕೈಗೆತ್ತಿಕೊಂಡೆ. ಆಗ ನೆನಪಾದದ್ದು ಹಳೆಯ ಶಾಲೆಯೊಂದರ ಹಿಂದಿನ ಗುಡ್ಡೆ.

1979ನೆಯ ಇಸವಿ. ನಾನು ಕಡಬದ ಕಡೆಯ ಒಂದು ಶಾಲೆಯಲ್ಲಿದ್ದೆ. ಇಂದು ಪ್ರತ್ಯೇಕ ತಾಲೂಕಾಗಿರುವ ಕಡಬ ಆಗ ಪುತ್ತೂರು ತಾಲೂಕಿಗೆ ಸೇರಿತ್ತು. ಅಡಿಕೆಯ ಸೋಗೆ ಬಿದ್ದರೆ ಸಾಕು, ಅದರ ಬುಡದ ಹಾಳೆಯ ಮೇಲೆ ಮಕ್ಕಳ ಸವಾರಿ. ನಮ್ಮ ಪುತ್ತೂರು, ಸುಳ್ಯ ಸೀಮೆಯಲ್ಲಿ ಬೆಳೆದವರಾರಿಗೂ ಇದನ್ನು ವಿವರಿಸಬೇಕಾಗಿಲ್ಲ. ಅದರಲ್ಲಿಯೂ ಒಂದು ಶಾಸ್ತ್ರವಿತ್ತು. ಅಂಗಳದಲ್ಲಿ ಒಬ್ಬ ಕುಳಿತು ಇನ್ನೊಬ್ಬ ಎಳೆಯುವುದಾದರೆ ಸೋಗೆಯ ದಂಟು ಉದ್ದವಿರಬೇಕು. ಗುಡ್ಡೆಯಿಂದ ಜಾರುವುದಾದರೆ ಹಾಳೆ ಅಗಲವಿರಬೇಕು, ಆಗಷ್ಟೇ ಬಿದ್ದದ್ದಾಗಿರಬೇಕು. ಮುರಕಲ್ಲಿನ ನೆಲವಾದರೆ ಒಂದರ ಮೇಲೊಂದು ಎರಡು ಹಾಳೆ.

ಒಂದು ದಿನ ಆರನೆಯ ತರಗತಿಯ ಹುಡುಗನೊಬ್ಬ ಆ ಗುಡ್ಡೆಯಿಂದ ಜಾರುವಾಗ ಹಾಳೆ ನಡುವೆ ಸೀಳಿ, ಮುಂಗೈ ಮುರಿದುಕೊಂಡ. ನಾನು ಇಡೀ ಶಾಲೆಗೆ ಹಾಳೆಯ ಆಟವನ್ನು ನಿಷೇಧಿಸಿದೆ. ಆಗ ಹಿಂದಿನ ಸಾಲಿನ ಇನ್ನೊಬ್ಬ ಎದ್ದು, "ಮಾಷ್ಟ್ರೇ, ಅದು ಒಣಗಿದ ಹಾಳೆಯಾಗಿತ್ತು. ಹಸಿಯದ್ದಾದರೆ ಸೀಳುತ್ತಿರಲಿಲ್ಲ" ಎಂದ. ಲೆಕ್ಕದಲ್ಲಿ ಹಿಂದುಳಿದ ಹುಡುಗ. "ಈ ಬುದ್ಧಿಯನ್ನು ಮಗ್ಗಿ ಕಲಿಯುವುದಕ್ಕೆ ಉಪಯೋಗಿಸು" ಎಂದೆ. ತರಗತಿ ನಕ್ಕಿತು. ಅವನು ಕುಳಿತುಕೊಂಡ. ಆಮೇಲೆ ಆ ವರ್ಷ ನನ್ನ ಪಾಠದಲ್ಲಿ ಅವನು ತಾನಾಗಿ ಎದ್ದು ನಿಂತದ್ದನ್ನು ನಾನು ಕಾಣಲಿಲ್ಲ.

ಹಲಗೆಯನ್ನು ಕೆಳಗಿರಿಸಿ ಮೊಮ್ಮಗನನ್ನು ಕೇಳಿದೆ: "ಬಿದ್ದದ್ದು ಯಾಕೆ, ಹೇಳು."

ಅವನು ಬಹಳ ಸೊಗಸಾಗಿ ವಿವರಿಸಿದ. ಲಾಂಗ್‌ಬೋರ್ಡಿನಲ್ಲಿ ಸವಾರಿಗೆ ತಕ್ಕಂತೆ ಹಲಗೆ. ವೇಗವಾಗಿ ಇಳಿಯುವುದಕ್ಕೆ ಬಾಗದ, ನೆಲಕ್ಕೆ ಹತ್ತಿರವಾದ ಹಲಗೆ. ಅದರ ಮೇಲೆ ಹೆಜ್ಜೆಯಿಟ್ಟು ಕುಣಿಯುವುದಕ್ಕೆ ಇನ್ನೂ ಉದ್ದನೆಯ, ಸ್ವಲ್ಪ ಬಳುಕುವ ಹಲಗೆ. ಮುಂದಿನ ಹಿಂದಿನ ಗಾಲಿಗಳ ಅಂತರ ಹೆಚ್ಚಿದಷ್ಟೂ ಸ್ಥಿರತೆ ಹೆಚ್ಚು, ಆದರೆ ತಿರುವು ದೊಡ್ಡದಾಗುತ್ತದೆ. ಗಾಲಿಗಳನ್ನು ಹಿಡಿದಿರುವ ಲೋಹದ ಭಾಗಕ್ಕೆ ಟ್ರಕ್ ಎಂದು ಹೆಸರು. ಅದರೊಳಗಿನ ಪುಟ್ಟ ಬುಷ್‌ಗಳು ಮೆತ್ತಗಿದ್ದರೆ ಹಲಗೆ ಸುಲಭವಾಗಿ ತಿರುಗುತ್ತದೆ, ಗಟ್ಟಿಯಿದ್ದರೆ ವೇಗದಲ್ಲಿ ಅಲ್ಲಾಡುವುದು ಕಡಿಮೆ. ಸವಾರನ ತೂಕವನ್ನು ನೋಡಿ ಬುಷ್ ಆರಿಸಬೇಕು.

ಇವನ ತೂಕ 42 ಕಿಲೋ. ಯಾವುದೋ ವೀಡಿಯೊ ನೋಡಿ ಕೊಂಡದ್ದು ದೊಡ್ಡವರ ಗಟ್ಟಿ ಬುಷ್. ಅಡ್ಡಡ್ಡ ಜಾರಿಸುವ ಆಟಕ್ಕೆಂದು ಮಾಡಿದ ಸಣ್ಣ, ಗಟ್ಟಿ ಗಾಲಿ. ನಮ್ಮೂರಿನ ರಸ್ತೆಯದ್ದು ಎದ್ದ ಜಲ್ಲಿ. ಒಂದು ಕಲ್ಲು ಅಡ್ಡ ಬಂತು, ಗಾಲಿ ನಿಂತಿತು, ಹುಡುಗ ಮುಂದೆ ಹೋದ. ಹಿಂದೆ ಮಣ್ಣಿನ ಹಾಗೂ ಲೋಹದ ಗಾಲಿಗಳಿದ್ದಾಗ ಎಲ್ಲರ ಪಾಡೂ ಇದೇ ಆಗಿತ್ತಂತೆ. 1970ರ ದಶಕದ ಆರಂಭದಲ್ಲಿ ಅಮೆರಿಕದ ಫ್ರ್ಯಾಂಕ್ ನಾಸ್ವರ್ದಿ ಪಾಲಿಯುರೆಥೇನ್ ಗಾಲಿಗಳನ್ನು ಮಾರತೊಡಗಿದ ಮೇಲೆಯೇ ಈ ಆಟ ಒರಟು ನೆಲದಲ್ಲಿಯೂ ಸಾಧ್ಯವಾದದ್ದು.

"ಹಾಗಾದರೆ ಇಲ್ಲಿಗೆ ಎಂಥದ್ದು ಬೇಕು?" ಎಂದೆ. ಉತ್ತರ ಅವನಲ್ಲಿಯೇ ಇತ್ತು. 70 ಮಿಲಿಮೀಟರಿನ, 78ಎ ಎಂಬ ಮೃದುತ್ವದ ಗಾಲಿ, ಅವನ ತೂಕಕ್ಕೆ ಹೊಂದುವ ಮೆದು ಬುಷ್ ತರಿಸಿದೆವು. ಹಳೆಯ ಬೇರಿಂಗನ್ನೇ ಹೊಸ ಗಾಲಿಗೆ ಒತ್ತಿ ಕೂರಿಸಿದ. ಗಾಲಿ ದೊಡ್ಡದಾದರೆ ವಾಲಿದಾಗ ಹಲಗೆಗೆ ತಾಗಿ ನಿಂತುಬಿಡುವ ಅಪಾಯವುಂಟು. ಅದನ್ನು ಎರಡೂ ಬದಿಗೆ ಒತ್ತಿ ಪರೀಕ್ಷಿಸಿದ. ನಾನು ಸ್ಪ್ಯಾನರ್ ಹಿಡಿದುಕೊಂಡಿದ್ದೆ. ನನ್ನ ಕಡೆಯಿಂದ ಮೂರೇ ನಿಯಮ: ಹೆಲ್ಮೆಟ್ಟು, ಮೊಣಕಾಲಿನ ಕವಚ ಬೇಕು; ವಾಹನವಿರುವ ರಸ್ತೆ ಬೇಡ; ಮಳೆ ಬಂದ ಮೇಲೆ ಪಾಚಿ ಹಿಡಿದ ಅಂಗಳದಲ್ಲಿ ಆಟವೇ ಬೇಡ.

ರಜೆ ಮುಗಿಯುವವರೆಗೆ ಅಡಿಕೆ ಒಣಗಿಸುವ ಸಿಮೆಂಟಿನ ಅಂಗಳದಲ್ಲಿ ಅವನು ಎಂಟರ ಆಕಾರದಲ್ಲಿ ತಿರುಗುತ್ತಿದ್ದ. ಬೀಳಲಿಲ್ಲವೆಂದಲ್ಲ, ಬಿದ್ದಾಗಲೆಲ್ಲ ಯಾಕೆಂದು ಹೇಳುತ್ತಿದ್ದ.

ಅಂದು ಎದ್ದು ನಿಂತ ಆ ಹುಡುಗನಿಗೆ ಈಗ ಐವತ್ತೈದು ದಾಟಿರಬೇಕು. ಇದನ್ನು ಓದುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅವನೂ ಇದ್ದರೆ, ಒಂದು ಮಾತು: ನೀನು ಹೇಳಿದ್ದೇ ಸರಿ, ಮಾರಾಯ. ಹಾಳೆ ಒಣಗಿತ್ತು. ಅಂದು ನಾನು ನಿನ್ನನ್ನು ಮುಂದೆ ಕರೆದು, ಹಾಳೆ ಆರಿಸುವುದು ಹೇಗೆಂದು ಎಲ್ಲರಿಗೂ ಹೇಳಿಸಬೇಕಾಗಿತ್ತು. ಈ ಕಡೆ ಬಂದರೆ ಮನೆಗೆ ಬಾ.