ಮಾತ್ರೆ ನಿಜಾನಾ?

ಕಂಟ್ರೋಲ್ ಸಿಸ್ಟಮ್ಸ್ ಕ್ಲಾಸಲ್ಲಿ ಫೀಡ್‌ಬ್ಯಾಕ್ ಅಂದರೆ ನಮಗೆಲ್ಲ ನೆನಪಾಗೋದು ಗೀಸರ್, ಫ್ರಿಜ್, ಮೋಟಾರಿನ ಸ್ಪೀಡು. ಅಂಥದ್ದೇ ಲೂಪು ಜೀವಕೋಶದ ಒಳಗೂ ಓಡ್ತಿರತ್ತೆ. ನಮಗೆ ಇದನ್ನು ಕಲಿಸಿದ್ದು ಸಿಲಬಸ್ ಅಲ್ಲ, ನಮ್ಮೂರು.

ನಾವು ಮೂವರೂ ನೆಲ್ಯಹುದಿಕೇರಿಯವರು. ಕಾವೇರಿಯ ಈ ದಡ ನಮ್ಮದು, ಸೇತುವೆ ದಾಟಿದರೆ ಸಿದ್ದಾಪುರ. 2019ರ ಆಗಸ್ಟಿನಲ್ಲಿ ಹೊಳೆದಂಡೆಯ ಮನೆಗಳು ಪ್ರವಾಹಕ್ಕೆ ಹೋದಾಗ ನಮ್ಮೂರ ಹೆಸರು ಕೇಳಿರ್ತೀರಿ. ಕಳೆದ ವರ್ಷ ನಮ್ಮ ಮನೆಗಳ ಹಿಂದಿನ ಲೈನ್‌ಮನೆಯ ಹುಡುಗ, ಒಂಬತ್ತನೇ ಕ್ಲಾಸಿನವನು, ಮೊಣಕಾಲು ನೋವು ಅಂದ. ಫುಟ್ಬಾಲ್ ಆಡ್ತಾನೆ, ಪೆಟ್ಟಾಗಿರತ್ತೆ ಅಂತ ಎಣ್ಣೆ ತಿಕ್ಕಿದರು. ಒಬ್ಬ ಡಾಕ್ಟರು ನೋವಿನ ಮಾತ್ರೆ ಬರೆದರು. ನೋವು ರಾತ್ರಿ ನಿದ್ದೆಯಿಂದ ಎಬ್ಬಿಸತೊಡಗಿ, ಊತ ಕಂಡ ಮೇಲೆ ಎಕ್ಸ್‌ರೇ ಆಯ್ತು. ಅಷ್ಟರಲ್ಲಿ ಮೂರು ತಿಂಗಳು. ಬೆಂಗಳೂರಿನ ಕಿದ್ವಾಯಿಯಲ್ಲಿ ಹೇಳಿದ ಹೆಸರು ಆಸ್ಟಿಯೋಸಾರ್ಕೋಮಾ. ಈ ಮೂಳೆ ಕ್ಯಾನ್ಸರ್ ಹೆಚ್ಚಾಗಿ ಬರೋದು ಹದಿಹರೆಯದಲ್ಲಿ, ಎತ್ತರ ಸರ್ರನೆ ಏರುವ ಕಾಲಕ್ಕೆ, ಅದೂ ಮೊಣಕಾಲಿನ ಸುತ್ತ.

ಅವನಮ್ಮ ತೋಟದ ಕೆಲಸಕ್ಕೆ ಹೋಗುವವರು. ಯಾರೋ ಕಳಿಸಿದ ವಾಟ್ಸಾಪ್ ಮೆಸೇಜ್ ತೋರಿಸಿ ಕೇಳಿದರು: “ಮಕ್ಳೇ, ಈ ಹೊಸ ಮಾತ್ರೆ ಕ್ಯಾನ್ಸರ್ ಸೆಲ್ಲಿಗೆ ಮಾತ್ರ ಹೊಡೀತದಂತೆ. ಕೀಮೋ ಎಂತದೂ ಬೇಡ್ವಂತೆ. ನಿಜಾನಾ?”

ಬಯೋಟೆಕ್ಕಿನ ಸೀನಿಯರ್ ಒಬ್ಬರನ್ನು ಹಿಡಿದು ಕೂರಿಸಿಕೊಂಡು ಓದಿದೆವು. ‘ಬೆಳೆ’ ಅನ್ನೋ ಸಂದೇಶ ಹೊತ್ತ ಐಜಿಎಫ್ ಎಂಬ ಪ್ರೋಟೀನು ಕೋಶದ ಹೊರಗಿನ ರಿಸೆಪ್ಟರ್ ಮೇಲೆ ಬಂದು ಕೂರತ್ತೆ. ಅಲ್ಲಿಂದ ಒಳಗೆ ಪಿಐ3ಕೆ, ಎಕೆಟಿ, ಎಂಟಾರ್ ಹೀಗೆ ಒಂದು ಇನ್ನೊಂದನ್ನು ಎಬ್ಬಿಸುತ್ತಾ ಸಿಗ್ನಲ್ ಸಾಗತ್ತೆ. ಎಂಟಾರ್ ಆನ್ ಆದರೆ ಕೋಶ ಬೆಳೆಯತ್ತೆ. ಜೊತೆಗೇ ಅದು ಮೇಲಕ್ಕೆ ‘ಸಾಕು’ ಅಂತಲೂ ಹೇಳಿ ಕಳಿಸತ್ತೆ. ಈಗ ನೋಡಿ, ಔಷಧಿಯಿಂದ ಎಂಟಾರನ್ನು ತಡೆದರೆ ಆ ‘ಸಾಕು’ ಕೂಡ ನಿಂತುಹೋಗತ್ತೆ, ಮೇಲಿರುವ ಎಕೆಟಿ ಇನ್ನೂ ಜೋರಾಗಬಹುದು. ಇಂಟರ್ನಲ್ಸ್‌ಗೆ ಕೊಡಬಹುದಾದ ಒಳ್ಳೇ ಪ್ರಶ್ನೆ.

ಸಾಲದ್ದಕ್ಕೆ ಈ ಕ್ಯಾನ್ಸರಿನಲ್ಲಿ ಕೆಟ್ಟಿರೋದು ಒಂದೇ ಸ್ವಿಚ್ಚಲ್ಲ. ಕ್ರೋಮೋಸೋಮುಗಳೇ ಚೂರಾಗಿ ಅಡ್ಡಾದಿಡ್ಡಿ ಕೂಡಿಕೊಂಡಿರುತ್ತವೆ. ಟಿಪಿ53 ಎಂಬ ಕಾವಲು ಜೀನ್ ಬಹಳಷ್ಟು ರೋಗಿಗಳಲ್ಲಿ ಹಾಳಾಗಿರತ್ತೆ. ಜಾಸ್ತಿಯಾದ ಸಿಗ್ನಲನ್ನು ತಡೆಯೋ ಮಾತ್ರೆ ಮಾಡಬಹುದು, ಕಿತ್ತುಹೋದ ಬ್ರೇಕನ್ನು ಮಾತ್ರೆಯಲ್ಲಿ ತುಂಬೋದು ಹೇಗೆ?

ಹಾಗಂತ ಮೆಸೇಜು ಪೂರ್ತಿ ಸುಳ್ಳಲ್ಲ. ಇಟಲಿಯಲ್ಲಿ ಸೊರಾಫೆನಿಬ್ ಜೊತೆಗೆ ಎಂಟಾರ್ ತಡೆಯುವ ಎವೆರೊಲಿಮಸ್ ಸೇರಿಸಿ 38 ಜನರಿಗೆ ಕೊಟ್ಟರು. ಆರು ತಿಂಗಳಾದಾಗ 17 ಜನರಲ್ಲಿ ರೋಗ ಮುಂದುವರಿದಿರಲಿಲ್ಲ. ಅರ್ಧದಷ್ಟು ಜನರಲ್ಲಾದರೂ ಹಾಗಾಗಬೇಕು ಅಂತ ಇಟ್ಟುಕೊಂಡಿದ್ದ ಗುರಿ ಸ್ವಲ್ಪದರಲ್ಲಿ ತಪ್ಪಿತು. ಫ್ರಾನ್ಸಿನಲ್ಲಿ ರಕ್ತನಾಳ ಬೆಳೆಸುವ ಸಿಗ್ನಲ್ಲೂ ಸೇರಿ ಹಲವನ್ನು ಒಟ್ಟಿಗೆ ತಡೆಯುವ ರಿಗೊರಾಫೆನಿಬ್ ಪ್ರಯೋಗ ನಡೆಯಿತು. ಅದರ ಫಲಿತಾಂಶ ಬಂದದ್ದು 2019ರಲ್ಲಿ. ರೋಗ ಹಿಡಿತದಲ್ಲಿದ್ದ ಅವಧಿಯ ಮೀಡಿಯನ್ 16.4 ವಾರ, ಔಷಧಿಯಿಲ್ಲದ ಮಾತ್ರೆ ತಗೊಂಡವರಲ್ಲಿ 4.1 ವಾರ. ಎರಡೂ ಕಡೆ ಇದ್ದದ್ದು ಕೀಮೋ ಆದಮೇಲೂ ರೋಗ ಮುಂದುವರಿದವರು. ನಾಲ್ಕು ವಾರ ಹದಿನಾರಾಗೋದು ಅಂಥವರಿಗೆ ಸಣ್ಣ ಮಾತಲ್ಲ. ಗುಣವಾಗೋದು ಅಂದರೆ ಮಾತ್ರ ಬೇರೆ.

ಬರೀ ಕಾಲು ಕತ್ತರಿಸುತ್ತಿದ್ದ ಕಾಲದಲ್ಲಿ ಐವರಲ್ಲಿ ಒಬ್ಬರು ಉಳಿಯೋದೂ ಕಷ್ಟವಿತ್ತು. ಕೀಮೋ ಬಂದಮೇಲೆ, ರೋಗ ಶ್ವಾಸಕೋಶಕ್ಕೆ ಹರಡಿರದಿದ್ದರೆ, ಪೂರ್ತಿ ಚಿಕಿತ್ಸೆ ಪಡೆದವರಲ್ಲಿ ಸುಮಾರು ಮೂರರಲ್ಲಿ ಇಬ್ಬರು ಉಳೀತಾರೆ. 1980ರ ದಶಕದಿಂದ ಆ ಅಂಕಿ ಹೆಚ್ಚೇನೂ ಏರಿಲ್ಲ. ಪಾತ್‌ವೇಗಳ ಹಿಂದೆ ಇಷ್ಟು ಜನ ಬಿದ್ದಿರೋದು ಅದಕ್ಕೇ.

“ಅಕ್ಕಾ, ಮಾತ್ರೆ ನಿಜ. ಆದ್ರೆ ಅದು ಕೀಮೋ ಬದಲಿಗೆ ಕೊಡೋದಲ್ಲ. ಡಾಕ್ಟರು ಹೇಳಿದ್ದನ್ನ ನಡುವೆ ಬಿಡ್ಬೇಡಿ” ಅಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದ್ದು, ಕುಶಾಲನಗರದಿಂದ ಬೆಳಗಿನ ಮೊದಲ ಬಸ್ಸು ಎಷ್ಟೊತ್ತಿಗೆ ಅಂತ. ಕೊಡಗಿಗೆ ರೈಲಿಲ್ಲ. ಬೆಂಗಳೂರು ಇನ್ನೂರು ಕಿಲೋಮೀಟರಿಗೂ ಹೆಚ್ಚು. ಪ್ರತಿ ಸಲ ಒಂದೆರಡು ದಿನದ ಕೂಲಿ ಹೋಗತ್ತೆ.

ಹುಡುಗನ ಕಾಲು ಉಳಿದಿದೆ, ಮೊಣಕಾಲಿನ ಜಾಗದಲ್ಲಿ ಲೋಹದ ಕೀಲು ಕೂರಿಸಿದ್ದಾರೆ. ಕೀಮೋ ಮುಗಿದಿದೆ. ಈ ರೋಗ ಮರಳಿದರೆ ಹೆಚ್ಚಾಗಿ ಶ್ವಾಸಕೋಶಕ್ಕೇ, ಅದಕ್ಕೆ ಮೂರು ತಿಂಗಳಿಗೊಮ್ಮೆ ಎದೆಯ ಸ್ಕ್ಯಾನ್. ಮುಂದಿನದು ದಸರಾ ರಜೆ ಮುಗಿದ ವಾರ. ನಮ್ಮಲ್ಲೊಬ್ಬರು ಜೊತೆಗೆ ಹೋಗ್ತೇವೆ.