ಮೂವತ್ತಾರನೆಯ ಚಿತ್ರ

ಹೋದ ವಾರ ಕಪಾಟು ಒರೆಸುವಾಗ ಹಳೆಯ ಆಲ್ಬಮ್ ಸಿಕ್ಕಿತು. ಒಂದು ಫೋಟೋ ತೋರಿಸಿ ಮಗ ಕೇಳಿದ: "ಇದು ಪೂರಾ ಅಲುಗಿದೆ, ತೆಗೆದುಬಿಡಲೇ ಅಮ್ಮಾ?" ಬೇಡವೆಂದೆ. ಏಕೆಂದು ನಿಮಗೂ ಹೇಳಬೇಕೆನಿಸಿತು.

1994ರಲ್ಲಿ ಮದುವೆಯಾಗಿ ಕಲಬುರಗಿಯಿಂದ ಮುಂಬಯಿಗೆ ಬಂದಾಗ ನನಗೆ ಎಲ್ಲಕ್ಕಿಂತ ಬೆರಗು ಹುಟ್ಟಿಸಿದ್ದು ಲೋಕಲ್ ರೈಲು. ಯಜಮಾನರ ಹತ್ತಿರ ಒಂದು ಕ್ಯಾಮೆರಾ ಇತ್ತು. ರೋಲಿಗೆ 36 ಚಿತ್ರ; ತೊಳೆಸಿ ಪ್ರಿಂಟು ಹಾಕಿಸಲು ಮನೆಖರ್ಚಿನಲ್ಲೇ ಉಳಿಸಬೇಕು. ಭಾನುವಾರ ಸ್ಯಾಂಡ್‌ಹರ್ಸ್ಟ್ ರೋಡಿಗೆ ಹೋಗುತ್ತಿದ್ದೆವು. ಅಲ್ಲಿ ಕೆಳಗೆ ಮೈನ್ ಲೈನ್, ಅದರ ಮೇಲೆ ಹಾರ್ಬರ್ ಲೈನ್. ಒಮ್ಮೆ ಪೊಲೀಸರೊಬ್ಬರು "ಪರವಾನಗಿ ಎಲ್ಲಿ?" ಎಂದು ಗದರಿಸಿದ ಮೇಲೆ ನಿಲ್ದಾಣದ ಹೊರಗಿನ ಸೇತುವೆಗಳನ್ನು ಹುಡುಕಿಕೊಂಡೆವು.

100 ಎ.ಎಸ್.ಎ. ಫಿಲ್ಮಿಗೆ ಒಳ್ಳೆಯ ಬಿಸಿಲು ಬೇಕು. ಓಡುವ ರೈಲು ಸ್ಪಷ್ಟವಾಗಿ ಬರಲು ಶಟರ್ ಸೆಕೆಂಡಿನ 500ನೇ ಒಂದು ಭಾಗದಷ್ಟು ಚುರುಕಾಗಿರಬೇಕು. ಪ್ಲಾಟ್‌ಫಾರ್ಮಿನ ಸೂರಿನಡಿ ಅದನ್ನು 30ಕ್ಕೆ ಇಳಿಸಿದರೆ ಎಲ್ಲವೂ ಮಸುಕು.

1995ರ ಡಿಸೆಂಬರಿನಲ್ಲಿ ಅಪ್ಪ ಬಂದಿದ್ದರು. ಹೊರಟ ದಿನ ವಿ.ಟಿ.ಯಲ್ಲಿ ಬೆಳಗಿನ ಉದ್ಯಾನ್ ಎಕ್ಸ್‌ಪ್ರೆಸ್. ರೋಲಿನಲ್ಲಿ ಉಳಿದದ್ದು ಒಂದೇ ಚಿತ್ರ. 35 ಲೋಕಲ್ ಬಂಡಿಗಳಿಗೆ ಮುಗಿದಿದ್ದವು. "ಬಂಡಿ ಬಿಡ್ತದ, ಹಿಂದ ಸರಿ ಯವ್ವಾ" ಎಂದು ಬಾಗಿಲಲ್ಲಿ ನಿಂತು ಕೈ ಬೀಸಿದರು. ರೈಲು ಅಲುಗಿದಾಗಲೇ ಗುಂಡಿ ಒತ್ತಿದೆ.

ವಾರದ ನಂತರ ಪ್ರಿಂಟು ಬಂತು. ಡಬ್ಬಿ ಒಂದು ಗೆರೆ, ಕೈ ಒಂದು ಬಿಳಿ ಮೋಡ, ಮುಖ ಅರ್ಧ. ಅಪ್ಪ 1997ರಲ್ಲಿ ತೀರಿಕೊಂಡರು. ಅವರು ಮುಂಬಯಿಯಲ್ಲಿದ್ದುದಕ್ಕೆ ನನ್ನ ಬಳಿ ಇರುವುದು ಅದೊಂದೇ.

1925ರ ಫೆಬ್ರವರಿ 3ರಂದು ವಿ.ಟಿ.ಯಿಂದ ಕುರ್ಲಾಕ್ಕೆ ದೇಶದ ಮೊದಲ ವಿದ್ಯುತ್ ರೈಲು ಓಡಿದ್ದು 1500 ವೋಲ್ಟಿನ ಡಿ.ಸಿ. ವಿದ್ಯುತ್ತಿನಲ್ಲಿ. ಅದು ಮುಂಬಯಿಯಲ್ಲಿ ಪೂರಾ ನಿಂತದ್ದು 2016ರ ಏಪ್ರಿಲಿನಲ್ಲಿ. ನಾನು ಆಸೆಪಟ್ಟು ತೆಗೆದ ಆ ಹಳದಿ-ಕಂದು ಬಂಡಿಗಳು ಈಗಿಲ್ಲ. ವಿ.ಟಿ. ಎಂಬ ಹೆಸರೂ 1996ರಲ್ಲೇ ಹೋಯಿತು, ನಮ್ಮ ಬಾಯಲ್ಲಿ ಮಾತ್ರ ಉಳಿದಿದೆ. ಆ 35 ಚಿತ್ರಗಳಿಗೂ ಬೆಲೆಯಿದೆ ಎಂದು ಈಗ ತಿಳಿಯುತ್ತದೆ. ಆದರೆ ಅವುಗಳಲ್ಲಿ ಒಂದರಲ್ಲೂ ನಮ್ಮ ಮನೆಯವರಿಲ್ಲ.

ನಿಮ್ಮಲ್ಲಿ ಕೆಲವರು ಮತ್ತೆ ಫಿಲ್ಮ್ ಕ್ಯಾಮೆರಾ ಹಿಡಿದಿದ್ದೀರಂತೆ, ಸಂತೋಷ. ರೈಲಿನ ಚಿತ್ರ ಧಾರಾಳವಾಗಿ ತೆಗೆಯಿರಿ. ಆದರೆ ಅಜ್ಜ-ಅಜ್ಜಿಯನ್ನು ಕಳಿಸಲು ನಿಲ್ದಾಣಕ್ಕೆ ಹೋದಾಗ, ಬಂಡಿ ಬಿಡುವ ಮೊದಲೇ ಅವರನ್ನು ಅದರ ಪಕ್ಕ ನಿಲ್ಲಿಸಿ.