ಕಾರಿನ ಎಂಜಿನ್ ಮೇಲೆ ಬರೆದ 'ನಾಳೆ ಬಾ'

ಕಾರು ಸ್ಟಾರ್ಟ್ ಆಗ್ಲಿಲ್ಲ ಅಂದ್ರೆ ನಮ್ಮ ಜನ ಮೊದಲು ಮಾಡೋ ಕೆಲಸ ತಳ್ಳೋದು. ಯಾರ ಕಾರು, ಏನು ತೊಂದರೆ ಅಂತೆಲ್ಲ ಯಾರೂ ಕೇಳಲ್ಲ. ಹಾಲಿನವನು, ಪೇಪರ್ ಹುಡುಗ, ವಾಕಿಂಗ್ ಹೊರಟ ಅಂಕಲ್ಲುಗಳು, ಎಲ್ಲರೂ ಬಂದು ಡಿಕ್ಕಿಗೆ ಕೈ ಕೊಡ್ತಾರೆ. ಈ ಗುಣ ನನಗೆ ತುಂಬಾ ಇಷ್ಟ. ಆದ್ರೆ ಎಷ್ಟು ತಳ್ಳಿದ್ರೂ, ಬೇಕಾದ್ರೆ ನಂದಿ ಬೆಟ್ಟದ ತುದಿಯಿಂದ ಉರುಳಿಸಿದ್ರೂ ಸ್ಟಾರ್ಟ್ ಆಗದ ಕಾರುಗಳಿವೆ. ಎಂಜಿನ್ ಗಟ್ಟಿಯಾಗಿರುತ್ತೆ, ಬ್ಯಾಟರಿ ಚೆನ್ನಾಗಿರುತ್ತೆ, ಟ್ಯಾಂಕ್ ತುಂಬಾ ಪೆಟ್ರೋಲ್ ಇರುತ್ತೆ. ಕಾರೇ 'ಇವತ್ತು ಬೇಡ' ಅಂತ ತೀರ್ಮಾನ ಮಾಡಿರುತ್ತೆ, ಅಷ್ಟೆ.

ನಮ್ಮ ರಸ್ತೆಯ ಕೊನೇ ಮನೆ ಮೇಷ್ಟ್ರದ್ದು. ರಿಟೈರ್ ಆಗಿ ಹತ್ತು ವರ್ಷ ಮೇಲಾಯ್ತು. ಅವರ ಹೆಂಡತಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್ - ಸೋಮವಾರ, ಬುಧವಾರ, ಶುಕ್ರವಾರ, ಬೆಳಗಿನ ಮೊದಲ ಸರದಿ. ಆರೂವರೆಗೆ ಹಾಸಿಗೆ ಮೇಲಿರಬೇಕು. ಅದಕ್ಕೆ ಅಂತಲೇ ಮೇಷ್ಟ್ರು ಒಂದು ಹಳೇ ಚಿಕ್ಕ ಕಾರು ಕೊಂಡಿದ್ದಾರೆ, ಸೆಕೆಂಡ್ ಹ್ಯಾಂಡು. ಹೋಗೋವಾಗ ಆಟೋ ಆದ್ರೂ ನಡೆಯುತ್ತೆ. ಬರೋವಾಗ ಕಷ್ಟ. ನಾಲ್ಕು ಗಂಟೆ ಮೆಷಿನ್ ಪಕ್ಕ ಮಲಗಿ ಎದ್ದವರಿಗೆ ಬಿಪಿ ಇಳಿದಿರುತ್ತೆ, ತಲೆ ಸುತ್ತುತ್ತೆ, ಸೀಟು ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚಿಕೊಂಡೇ ಮನೆಗೆ ಬರಬೇಕು. ನಮ್ಮ ರಸ್ತೆಗಳ ಮೇಲೆ ಆಟೋದಲ್ಲಿ ಅದು ಹೇಗಿರುತ್ತೆ ಅಂತ ನಿಮಗೆ ವಿವರಿಸಬೇಕಿಲ್ಲ.

ಆ ಸೋಮವಾರ ಕಾರು ಕೈಕೊಡ್ತು. ಬೆಳಗ್ಗೆ ಐದೂಮುಕ್ಕಾಲಿಗೆ ಐದು ಜನ ಸೇರಿ ರಸ್ತೆಯ ಆ ತುದಿಯವರೆಗೂ ತಳ್ಳಿದ್ರಂತೆ. ಕೊನೆಗೆ ಆಟೋದಲ್ಲಿ ಹೋಗಿ, ಆಟೋದಲ್ಲೇ ಬಂದು, ದಾರಿಯಲ್ಲಿ ಎರಡು ಸಲ ವಾಂತಿ. ಮಧ್ಯಾಹ್ನ ಒಬ್ಬ ಎಲೆಕ್ಟ್ರಿಷಿಯನ್ ಬಂದ. ಬ್ಯಾಟರಿ ಹೋಗಿದೆ ಅಂದ, ಐದು ಸಾವಿರಕ್ಕೆ ಹೊಸದು ಹಾಕಿದ. ಏನೂ ಆಗ್ಲಿಲ್ಲ. ಆಮೇಲೆ 'ಇಸಿಎಂ ಹೋಗಿದೆ ಸಾರ್, ಮೂವತ್ತೈದು ಸಾವಿರ ಆಗುತ್ತೆ' ಅಂದ. ಮೇಷ್ಟ್ರ ಮುಖ ನೋಡಿ ಅವನಿಗೇ ಪಾಪ ಅನ್ನಿಸಿರಬೇಕು, 'ಇಲ್ಲಾ ನಾಲ್ಕು ಸಾವಿರಕ್ಕೆ ಬೈಪಾಸ್ ಮಾಡಿಕೊಡ್ತೀನಿ' ಅಂತ ಇನ್ನೊಂದು ದಾರೀನೂ ತೋರಿಸಿ ಹೋದ.

ಹೊಟ್ಟೆಪಾಡಿಗೆ ಗಾಡಿಗಳ ಎಲೆಕ್ಟ್ರಾನಿಕ್ಸ್ ಜೊತೆಗೇ ಗುದ್ದಾಡೋನು ನಾನು. ಸಂಜೆ ಆಫೀಸಿಂದ ಬಂದ ಮೇಲೆ ಮೇಷ್ಟ್ರು ಕರೆದ್ರು. ಬುಧವಾರಕ್ಕೆ ಇದ್ದದ್ದು ಒಂದೂವರೆ ದಿನ.

ಕೀ ತಿರುಗಿಸಿದೆ. ಸ್ಟಾರ್ಟರ್ ಮೋಟಾರು ಚೆನ್ನಾಗೇ ಗುರ್‌ಗುಟ್ಟಿತು, ಎಂಜಿನ್ ಮಾತ್ರ ಹಿಡಿಯಲಿಲ್ಲ. ಮೀಟರ್ ಬೋರ್ಡಿನ ಮೂಲೆಯಲ್ಲಿ ಕಾರಿನ ಚಿತ್ರದೊಳಗೆ ಬೀಗ ಇರೋ ಒಂದು ಪುಟ್ಟ ದೀಪ ಪಿಳಿಪಿಳಿ ಅಂತಿತ್ತು. ಬೆಳಗ್ಗಿಂದ ಅದು ಹಾಗೇ ಕಣ್ಣು ಹೊಡೀತಾ ಇತ್ತಂತೆ, ಯಾರೂ ಲೆಕ್ಕಕ್ಕೇ ಇಟ್ಟಿಲ್ಲ :)

ಆ ದೀಪದ ಹೆಸರು ಇಮ್ಮೊಬಿಲೈಜರ್. ನಮ್ಮ ಕಡೆ ಹಿಂದೆ ರಾತ್ರಿ ಹೊತ್ತು ದೆವ್ವ ಬಂದು ಮನೆಯವರದ್ದೇ ಧ್ವನಿಯಲ್ಲಿ ಬಾಗಿಲು ಬಡಿಯುತ್ತೆ ಅಂತ ಸುದ್ದಿ ಹಬ್ಬಿ, ಎಲ್ಲರ ಬಾಗಿಲ ಮೇಲೂ 'ನಾಳೆ ಬಾ' ಅಂತ ಬರೆದಿದ್ರಲ್ಲ, ನೆನಪಿದೆಯಾ? ಇದೂ ಹೆಚ್ಚು ಕಡಿಮೆ ಅದೇ. ಬಾಗಿಲು ತೆಗೆದು ಒಳಗೆ ಬಂದು ಕೂತು, ಸರಿಯಾದ ಆಕಾರದ ಕೀ ಹಾಕಿ ತಿರುಗಿಸಿದ್ರೂ ಸಾಲದು. ನೀನು ನಿಜವಾಗ್ಲೂ ಮನೆಯವನೇನಾ ಅಂತ ಎಂಜಿನ್ ಇನ್ನೊಂದು ಸಲ ಕೇಳುತ್ತೆ. ಉತ್ತರ ಸರಿ ಬರದಿದ್ರೆ ನಾಳೆ ಬಾ. ನಾಳೆ ಹೋದ್ರೂ ಅದೇ ಬೋರ್ಡು.

ಕೇಳೋದು ಹೇಗೆ ಅನ್ನೋದು ಸ್ವಾರಸ್ಯವಾಗಿದೆ. ಕೀಯ ಪ್ಲಾಸ್ಟಿಕ್ ತಲೆಯೊಳಗೆ ಒಂದು ಚಿಪ್ ಇರುತ್ತೆ. ಕೆಲವದರಲ್ಲಿ ಅಕ್ಕಿಕಾಳಿನಂಥ ಗಾಜಿನ ಕೊಳವೆ, ಕೆಲವದರಲ್ಲಿ ಇದ್ದಿಲ ಚೂರಿನಂಥ ಕರೀ ತುಂಡು. ಅದಕ್ಕೆ ಬ್ಯಾಟರಿ ಇಲ್ಲ. ನಾವು ಕೀ ಹಾಕೋ ತೂತಿನ ಸುತ್ತ ತಾಮ್ರದ ತಂತಿಯ ಒಂದು ಸುರುಳಿ ಇದೆ. ಕೀ ಆನ್ ಮಾಡಿದ ಕೂಡಲೇ ಆ ಸುರುಳಿ ಸಾಮಾನ್ಯವಾಗಿ 125 ಕಿಲೋಹರ್ಟ್ಸ್ ಆಸುಪಾಸಿನ ಕಾಂತಕ್ಷೇತ್ರ ಎಬ್ಬಿಸುತ್ತೆ. ಚಿಪ್ಪಿಗೆ ಜೀವ ಬರೋದು ಆ ಕ್ಷೇತ್ರದಿಂದಲೇ. ಎದ್ದ ಚಿಪ್ ತನ್ನ ಗುರುತು ಹೇಳುತ್ತೆ. ಹಳೇ ಚಿಪ್‌ಗಳು ಒಂದೇ ನಂಬರನ್ನು ಪ್ರತಿ ಸಲ ಕೂಗಿ ಹೇಳ್ತಿದ್ವು, ಆಮೇಲಿನವು ಹುಷಾರಾದ್ವು. ಕಾರು ಪ್ರತಿ ಸಲ ಹೊಸದೊಂದು ಸಂಖ್ಯೆ ಎಸೆಯುತ್ತೆ, ಚಿಪ್ ಅದನ್ನು ತನ್ನೊಳಗಿನ ಗುಟ್ಟಿನ ಜೊತೆ ಕಲಸಿ ಉತ್ತರ ಕೊಡುತ್ತೆ. ಗುಟ್ಟನ್ನು ಬಾಯಿಬಿಟ್ಟು ಹೇಳಲ್ಲ, ಗುಟ್ಟು ಗೊತ್ತಿದ್ದವರಿಗೆ ಮಾತ್ರ ಬರೋ ಉತ್ತರ ಹೇಳುತ್ತೆ. ಉತ್ತರ ಒಪ್ಪಿಗೆಯಾದ್ರೆ ಇಸಿಯು ಪೆಟ್ರೋಲ್ ಬಿಡುತ್ತೆ. ಇಷ್ಟೆಲ್ಲ ನಡೆಯೋದು ನಾವು ಸೀಟ್‌ಬೆಲ್ಟಿಗೆ ಕೈ ಹಾಕೋದ್ರೊಳಗೆ.

ಹಾಗಾಗಿ ತಳ್ಳಿ ಪ್ರಯೋಜನವಿಲ್ಲ. ತಳ್ಳಿದ್ರೆ ಎಂಜಿನ್ ತಿರುಗುತ್ತೆ, ಪೆಟ್ರೋಲ್ ಬರಲ್ಲ.

ಮೇಷ್ಟ್ರು ಒಂದು ಒಳ್ಳೇ ಪ್ರಶ್ನೆ ಕೇಳಿದ್ರು. 'ರಿಮೋಟ್ ಒತ್ತಿದ್ರೆ ಕುಂಯ್ ಅಂತ ಲಾಕ್ ಆಗುತ್ತೆ, ತೆಗೆಯುತ್ತೆ. ಕೀ ಸರಿಯಾಗಿದೆ ಅಂತಲೇ ತಾನೇ ಅರ್ಥ?' ಎಲೆಕ್ಟ್ರಿಷಿಯನ್ನನೂ ಇದನ್ನೇ ನೋಡಿ ಕೀಯನ್ನು ಬಿಟ್ಟು ಇಸಿಎಂ ಕಡೆ ಹೋಗಿದ್ದ. ಆದ್ರೆ ಒಂದೇ ಕೀಯೊಳಗೆ ಎರಡು ಸಂಸಾರ ಇರ್ತವೆ ಸ್ವಾಮೀ. ಬಾಗಿಲು ತೆಗೆಯೋ ರಿಮೋಟು ಬೇರೆ, ಅದಕ್ಕೆ ಗುಂಡಿ ಬ್ಯಾಟರಿ ಬೇಕು. ಎಂಜಿನ್ನಿಗೆ ಉತ್ತರ ಹೇಳೋ ಚಿಪ್ಪು ಬೇರೆ, ಅದಕ್ಕೆ ಬೇಡ. ಒಂದು ಸತ್ತರೂ ಇನ್ನೊಂದು ಬದುಕಿರಬಹುದು. ಈಗಿನ ಗುಂಡಿ ಒತ್ತಿ ಸ್ಟಾರ್ಟ್ ಮಾಡೋ ಕಾರುಗಳಲ್ಲೂ ಇದರಿಂದ ಉಪಕಾರವಿದೆ. ಕೀಯ ಬ್ಯಾಟರಿ ಸತ್ತೋದಾಗ ಅದನ್ನೇ ಸ್ಟಾರ್ಟ್ ಗುಂಡಿಗೆ ತಾಗಿಸಿಯೋ, ಮ್ಯಾನುಯಲ್ಲಿನಲ್ಲಿ ತೋರಿಸಿದ ಜಾಗದಲ್ಲಿ ಇಟ್ಟೋ ಒತ್ತಿದ್ರೆ ಬಹಳಷ್ಟು ಕಾರು ಸ್ಟಾರ್ಟ್ ಆಗುತ್ತೆ, ಕಾರಣ ಇದೇ.

ಈಗ ದೀಪದ ಭಾಷೆ. ಕೀ ಆನ್ ಮಾಡಿದಾಗ ಅದು ಒಂದೆರಡು ಸೆಕೆಂಡ್ ಹತ್ತಿ ಆರಿಹೋದ್ರೆ ಕೀ ಒಪ್ಪಿಗೆಯಾಯ್ತು, ತೊಂದರೆ ಬೇರೆ ಕಡೆ ಹುಡುಕಿ. ಆರದೆ ಉಳಿದ್ರೆ ಅಥವಾ ಪಟಪಟ ಮಿಟುಕಿದ್ರೆ ಕಾರು ಕೀಯನ್ನು ಒಪ್ತಿಲ್ಲ. (ಲಾಕ್ ಮಾಡಿ ನಿಲ್ಲಿಸಿದ ಕಾರಿನಲ್ಲಿ ನಿಧಾನಕ್ಕೆ ಮಿಟುಕೋ ಕೆಂಪು ಚುಕ್ಕೆ ಬೇರೆ, ಅದು ಕಾವಲಿನದ್ದು, ಗಾಬರಿ ಬೇಡ.) ಕೆಲವು ಕಾರು ಸ್ಟಾರ್ಟರನ್ನೇ ತಿರುಗೋಕೆ ಬಿಡಲ್ಲ. ಕೆಲವು ಒಂದು ಕ್ಷಣ ಸ್ಟಾರ್ಟ್ ಆಗಿ, ಖುಷಿ ಪಡೋ ಮೊದಲೇ ಆರಿಹೋಗ್ತವೆ. ಬರೀ ಟಕ್ ಟಕ್ ಅಂದು ಹೆಡ್‌ಲೈಟ್ ಮಂಕಾದ್ರೆ ಅದು ಬ್ಯಾಟರಿ. ಆದ್ರೂ ಬ್ಯಾಟರಿಯನ್ನು ಪೂರ್ತಿ ಬಿಡಬೇಡಿ, ವೋಲ್ಟೇಜ್ ತೀರಾ ಕುಸಿದಾಗ ಇಸಿಯು ತಲೆತಿರುಗಿ ಸರಿಯಾದ ಕೀಯನ್ನೂ ಒಪ್ಪದೆ ಹೋಗೋದುಂಟು. ನಿಂತ ಬ್ಯಾಟರಿಯಲ್ಲಿ ಹನ್ನೆರಡೂವರೆ ವೋಲ್ಟ್ ಇದ್ದು, ಕ್ರ್ಯಾಂಕ್ ಮಾಡುವಾಗ ಹತ್ತರ ಕೆಳಗೆ ಬೀಳದಿದ್ರೆ ಸಾಕು.

ಮುಂದಿನದ್ದು ಕೀ ಗೊಂಚಲು. ಮೇಷ್ಟ್ರದ್ದು ಗೊಂಚಲಲ್ಲ, ಬಾಳೆಗೊನೆ. ಮನೆ ಕೀ, ಬೀರು ಕೀ, ಮಗನ ಬೈಕ್ ಕೀ, ಒಂದು ಹಿತ್ತಾಳೆ ಗಣಪತಿ. ಪಕ್ಕದಲ್ಲೇ ಚಿಪ್ ಇರೋ ಇನ್ನೊಂದು ಕೀ ಇದ್ದು ಎರಡೂ ಒಟ್ಟಿಗೆ ಮಾತಾಡಿದ್ರೆ ಕಾರಿಗೆ ಯಾರ ಮಾತೂ ಕೇಳಿಸಲ್ಲ. ಗಣಪತಿಯಂಥ ದಪ್ಪ ಲೋಹವೂ ಕಾಂತಕ್ಷೇತ್ರಕ್ಕೆ ಅಡ್ಡ ಬರಬಹುದು. ಎಲ್ಲ ಬಿಚ್ಚಿ ಕಾರಿನ ಕೀ ಒಂದೇ ಹಾಕಿದೆ. ದೀಪ ಮಿಟುಕ್ತಾನೇ ಇತ್ತು.

ನನ್ನ ಸ್ಕ್ಯಾನರ್ ತಂದು ಸ್ಟೀರಿಂಗ್ ಕೆಳಗೆ ಸಿಕ್ಕಿಸಿದೆ. ಪಿ0513 ಅಂತ ತೋರಿಸ್ತು. ಇಮ್ಮೊಬಿಲೈಜರ್ ಕೀ ಸರಿಯಿಲ್ಲ ಅಂತ ಅದರ ಅರ್ಥ. ಅಂದ್ರೆ ಇಸಿಯು ಬದುಕಿದೆ, ಪ್ರಶ್ನೆ ಕೇಳ್ತಿದೆ, ಸರಿಯುತ್ತರ ಬರ್ತಿಲ್ಲ. ಮೂವತ್ತೈದು ಸಾವಿರದ ಮಾತು ಅಲ್ಲಿಗೆ ಮುಗೀತು.

'ಇನ್ನೊಂದು ಕೀ ಕೊಡಿ ಮೇಷ್ಟ್ರೇ.'

'ಮಾರಿದವರು ಒಂದೇ ಕೊಟ್ಟಿದ್ದು.'

ಕೈಯಲ್ಲಿದ್ದ ಕೀಯನ್ನು ಆಗ ಸರಿಯಾಗಿ ನೋಡಿದೆ. ಅಷ್ಟು ಹಳೇ ಕಾರಿಗೆ ಫಳಫಳ ಹೊಳೆಯೋ ಕೀ! ಕೇಳಿದ್ರೆ, ಬಟನ್ನಿನ ರಬ್ಬರ್ ಹರಿದಿತ್ತಂತೆ. ಭಾನುವಾರ ಸಂಜೆ ಮಾರ್ಕೆಟ್ಟಿಗೆ ನಡ್ಕೊಂಡು ಹೋದಾಗ ಕೀ ಅಂಗಡಿ ಹುಡುಗ ಮುನ್ನೂರು ರೂಪಾಯಿಗೆ ಹೊಸ ಕವಚ ಹಾಕಿಕೊಟ್ಟನಂತೆ. ರಿಮೋಟಿನ ಬೋರ್ಡನ್ನು ನೀಟಾಗಿ ಹೊಸದಕ್ಕೆ ಹಾಕಿದ್ದ, ಅದಕ್ಕೇ ಕುಂಯ್ ಅಂತಿತ್ತು. ಪಕ್ಕದ ಗೂಡಿನಲ್ಲಿ ಅಂಟಿಕೊಂಡಿರೋ ಕರೀ ತುಂಡು ಅವನ ಕಣ್ಣಿಗೆ ಪ್ಲಾಸ್ಟಿಕ್ಕಿನ ಹಾಗೇ ಕಂಡಿರಬೇಕು.

ಹಳೇ ಕವಚ ಎಲ್ಲಿ? ಇಲ್ಲಿ ನನಗೆ ಮೇಷ್ಟ್ರ ತಲೆಮಾರಿನ ಮೇಲೆ ಅಪಾರ ಗೌರವ ಹುಟ್ಟಿತು. ನಾವಾಗಿದ್ರೆ ಅಂಗಡಿಯಲ್ಲೇ ಬಿಟ್ಟು ಬರ್ತಿದ್ವಿ. ಇವರು ದುಡ್ಡು ಕೊಟ್ಟ ವಸ್ತು ಬಿಸಾಕೋರಲ್ಲ. ಹಳೇ ಮೊಳೆ, ಪೆನ್ನಿನ ಕ್ಯಾಪು, ಕನ್ನಡಕದ ಕಡ್ಡಿ ಎಲ್ಲ ತುಂಬಿದ ಹಾರ್ಲಿಕ್ಸ್ ಬಾಟಲಿಯನ್ನು ಪೇಪರ್ ಮೇಲೆ ಸುರಿದ್ರು. ಹಳೇ ಕವಚದ ಗೂಡಿನಲ್ಲಿ ಚಿಪ್ ಹಾಗೇ ಕೂತಿತ್ತು. ಸೂಜಿಯಿಂದ ಮೆಲ್ಲಗೆ ಎಬ್ಬಿಸಿ (ಇಕ್ಕಳದಲ್ಲಿ ಒತ್ತಬೇಡಿ, ಬಿರುಕು ಬಿಟ್ರೆ ಮುಗೀತು) ಹೊಸ ಕವಚಕ್ಕೆ ಒಂದು ಹನಿ ಅಂಟಿನ ಜೊತೆ ಕೂರಿಸಿದೆ. ಕೀ ಆನ್ ಮಾಡಿದ್ರೆ ದೀಪ ಹತ್ತಿತು, ಆರಿತು. ಎಂಜಿನ್ ಸದ್ದಿಗೆ ಒಳಗಿಂದ ಮೇಷ್ಟ್ರ ಹೆಂಡತಿ ಕಿಟಕಿಗೆ ಬಂದ್ರು.

ಮೇಷ್ಟ್ರಿಗೆ ಖುಷಿಗಿಂತ ಬೇಜಾರೇ ಹೆಚ್ಚಾಗಿತ್ತು. 'ಅಂದ್ರೆ ನಾನ್ಯಾರು ಅಂತ ಇದಕ್ಕೆ ಗೊತ್ತೇ ಇಲ್ಲ. ಈ ಚೂರು ಗೊತ್ತು, ಅಷ್ಟೆ. ಇದು ಹರಿದು ಚರಂಡಿಗೆ ಬಿದ್ರೆ?' ಅಂದ್ರು. ನಿಜ. ಇದ್ದೊಂದು ಕೀ ಕಳೆದುಹೋದ್ರೆ ಹೊಸ ಕೀ ಕೊಯ್ಸೋದು ಸುಲಭ, ಅದನ್ನು ಕಾರಿಗೆ ಪರಿಚಯ ಮಾಡಿಸೋದು ಕಷ್ಟ. ಹಲವು ಕಾರುಗಳಲ್ಲಿ ಕಂಪನಿಯ ಪಿನ್ ಕೋಡ್ ಬೇಕು, ಕೆಲವದರಲ್ಲಿ ಇಸಿಯುವನ್ನೇ ಬಿಚ್ಚಬೇಕಾಗುತ್ತೆ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳೋವಾಗ ನಮ್ಮವರು ಟೈರ್ ಒದ್ದು ನೋಡ್ತಾರೆ, ಬಾನೆಟ್ ಎತ್ತಿ ಏನೋ ಗೊತ್ತಿದ್ದವರ ಹಾಗೆ ತಲೆಯಾಡಿಸ್ತಾರೆ, ಎರಡನೇ ಕೀ ಮತ್ತು ಕೀ ನಂಬರಿನ ಟ್ಯಾಗ್ ಮಾತ್ರ ಕೇಳಲ್ಲ. ಕಾರು ಕಳುವಾಗಿ ವಿಮೆಯವರ ಹತ್ರ ಹೋದ್ರೆ ಅವರು ಕೇಳೋದೂ ಎಲ್ಲ ಕೀಗಳನ್ನೂ.

'ಹಾಗಾದ್ರೆ ಬೈಪಾಸೇ ಮಾಡಿಸಿಬಿಡೋಣ, ಈ ಕಾಟವೇ ಬೇಡ' ಅಂದ್ರು ಮೇಷ್ಟ್ರು. ಬೈಪಾಸ್ ಅಂದ್ರೆ ಬಹಳ ಸಲ ಮಾಡೋದು ಇಷ್ಟೇ, ಒಂದು ಸರಿಯಾದ ಚಿಪ್ಪನ್ನು ಸುರುಳಿ ಪಕ್ಕ ಶಾಶ್ವತವಾಗಿ ಅಂಟಿಸಿಬಿಡೋದು. ಆಮೇಲೆ ಯಾವ ಬರೀ ಕಬ್ಬಿಣದ ಕೀ ಹಾಕಿದ್ರೂ ಎಂಜಿನ್ 'ಬಾ ಮಾರಾಯ' ಅನ್ನುತ್ತೆ. ಬಾಗಿಲ ಪಕ್ಕ ಕೂತು ಬಂದವರಿಗೆಲ್ಲ ಚಿಲಕ ತೆಗೆಯೋ ಅಜ್ಜಿ ಇದ್ದ ಹಾಗೆ.

ಬೇಡ ಅಂದೆ. ಯಾಕೆ ಅನ್ನೋದಕ್ಕೆ ಅಮೆರಿಕದ ಕತೆ ಹೇಳಿದೆ. ಅಲ್ಲಿ 1986ರಲ್ಲೇ ಕಾರ್ವೆಟ್ ಕಾರಿನ ಕೀಯಲ್ಲಿ ಪುಟ್ಟ ರೆಸಿಸ್ಟರ್ ಹುದುಗಿಸಿ ಈ ಆಟ ಶುರುಮಾಡಿದ್ರು. ಇದ್ದದ್ದು ಹದಿನೈದೇ ಬಗೆ, ಕಳ್ಳ ಹದಿನೈದು ಕೀ ಇಟ್ಟುಕೊಂಡ್ರೆ ಸಾಕು :) ಯೂರೋಪು 1998ರಿಂದ ಹೊಸ ಕಾರುಗಳಿಗೆ ಇಮ್ಮೊಬಿಲೈಜರ್ ಕಡ್ಡಾಯ ಮಾಡಿತು, ಕೆನಡಾ 2007ರ ಸೆಪ್ಟೆಂಬರಿಂದ. ಅಮೆರಿಕ ಮಾಡ್ಲಿಲ್ಲ. 2015ರ ಮಾಡೆಲ್‌ಗಳನ್ನು ಅಲ್ಲಿನ ವಿಮೆಯವರ ಸಂಸ್ಥೆ ಲೆಕ್ಕ ಹಾಕಿದಾಗ, ಬೇರೆ ಕಂಪನಿಗಳ ಶೇಕಡಾ 96 ಮಾಡೆಲ್‌ಗಳಲ್ಲಿ ಇದು ಕಾರಿನ ಜೊತೆಗೇ ಬರ್ತಿತ್ತು, ಹ್ಯುಂಡೈ ಮತ್ತು ಕಿಯಾದ್ದರಲ್ಲಿ ಬರೀ ಶೇಕಡಾ 26. 2021-22ರ ಹೊತ್ತಿಗೆ ಹದಿಹರೆಯದ ಹುಡುಗರು ಸ್ಟೀರಿಂಗ್ ಕವರ್ ಕಿತ್ತು, ಫೋನ್ ಚಾರ್ಜ್ ಮಾಡೋ ಯುಎಸ್‌ಬಿ ತುದಿಯಿಂದ ತಿರುಗಿಸಿ ಆ ಕಾರುಗಳನ್ನು ಕದ್ದು, ಅದನ್ನೇ ವೀಡಿಯೋ ಮಾಡಿ ಹಾಕಿದ್ರು. ಅಪಘಾತಗಳಾಗಿ ಜೀವಗಳೂ ಹೋದ್ವು. ಕಡ್ಡಾಯ ಇದ್ದ ಕೆನಡಾದಲ್ಲಿ ಅದೇ ಕಂಪನಿಗಳ ಕಾರುಗಳ ಹತ್ರ ಈ ಆಟ ನಡೀಲಿಲ್ಲ.

ಹಾಗಂತ ಇದು ಬ್ರಹ್ಮಾಸ್ತ್ರ ಅಲ್ಲ. 2005ರಲ್ಲೇ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ಮತ್ತು ಆರ್‌ಎಸ್‌ಎ ಲ್ಯಾಬ್ಸಿನ ಸಂಶೋಧಕರು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಚಿಪ್ಪೊಂದರ ಗುಟ್ಟನ್ನು ಒಡೆದು ತೋರಿಸಿದ್ರು. ಗುಟ್ಟಿನ ಉದ್ದ 40 ಬಿಟ್ ಮಾತ್ರ ಇದ್ದದ್ದು ಸಾಲದಾಗಿತ್ತು. ಆದ್ರೆ ನಮ್ಮ ರಸ್ತೆಗೆ ರಾತ್ರಿ ಬರೋ ಕಳ್ಳ ಜಾನ್ಸ್ ಹಾಪ್ಕಿನ್ಸಿನವನಲ್ಲವಲ್ಲ.

ಬುಧವಾರ ಕಾರಲ್ಲೇ ಹೋಗಿ ಬಂದ್ರು. ಗುರುವಾರ ರಜೆ ಹಾಕಿ ಮೇಷ್ಟ್ರ ಜೊತೆ ಸರ್ವಿಸ್ ಸೆಂಟರಿಗೆ ಹೋದೆ. ಆರ್‌ಸಿ, ಗುರುತಿನ ಚೀಟಿ, ಇರೋ ಕೀ, ಎಲ್ಲ ತೋರಿಸಿದ ಮೇಲೆ ಎರಡನೇ ಕೀಗೆ ಆರ್ಡರ್ ತಗೊಂಡ್ರು. ಬರೋಕೆ ಹನ್ನೆರಡು ದಿನ, ಏಳು ಸಾವಿರದ ಚಿಲ್ಲರೆ. ಕಾರಿಗೆ ಪರಿಚಯಿಸೋ ಕೆಲಸ ಮಾತ್ರ ಹತ್ತೇ ನಿಮಿಷ. ಅದಕ್ಕೆ ಎರಡೂ ಕೀ ತಗೊಂಡು ಹೋಗಿ, ಕೆಲವು ಕಾರುಗಳು ಹೊಸ ಕೀ ಕಲಿಯುವಾಗ ಹಳೇದನ್ನು ಮರೆತುಬಿಡ್ತವೆ.

ಬೇಡದ ಬ್ಯಾಟರಿಯ ಐದು ಸಾವಿರ ವಾಪಸ್ ಬರಲಿಲ್ಲ. ತೆಗೆದ ಹಳೇ ಬ್ಯಾಟರಿ ಚೆನ್ನಾಗೇ ಇತ್ತು, ಅದನ್ನೂ ಮೇಷ್ಟ್ರು ಬಿಟ್ಟುಕೊಟ್ಟಿರಲಿಲ್ಲ ಅಂತ ಆಮೇಲೆ ಗೊತ್ತಾಯ್ತು, ಈಗ ಅವರ ಮನೆಯ ಎಮರ್ಜೆನ್ಸಿ ದೀಪ ಅದರಲ್ಲೇ ಉರಿಯುತ್ತೆ. ಎರಡನೇ ಕೀ ಅವರ ಹೆಂಡತಿಯ ಆಸ್ಪತ್ರೆ ಚೀಲದಲ್ಲಿದೆ, ಶಾಲು ಮತ್ತು ರಿಪೋರ್ಟುಗಳ ಜೊತೆ. ಅವರಿಗೆ ಡ್ರೈವಿಂಗ್ ಬರಲ್ಲ. 'ಇವರು ಎಲ್ಲಾದ್ರೂ ಬೀಳಿಸಿಕೊಂಡ್ರೆ ಇರ್ಲಿ' ಅಂತ ತಾವೇ ಇಟ್ಟುಕೊಂಡಿದ್ದಾರೆ.